ಮರಳುದಿಬ್ಬದ ಮಣ್ಣನ್ನ ಕೈಯಲ್ಲೇ ಪರೀಕ್ಷೆ ಮಾಡೋದು ಹೇಗೆ: ಅಮೆರಿಕದ ನೆಬ್ರಾಸ್ಕಾ ರಾಜ್ಯದ ಸ್ಯಾಂಡ್‌ಹಿಲ್ಸ್

ಸ್ಯಾಂಡ್‌ಹಿಲ್ಸ್ ಕಡೆ ಹೋಗಿ ಬಂದ ನಮ್ಮವರು ಯಾರನ್ನ ಕೇಳಿದ್ರೂ "ಅಲ್ಲೇನಿದೆ, ಬರೀ ಹುಲ್ಲು" ಅಂತಾರೆ, ನಂಗೆ ಆ ಮಾತು ಕೇಳಿದ್ರೆ ಬೇಜಾರು. ಆ ಹುಲ್ಲಿನ ಕೆಳಗೆ ಇರೋದೆಲ್ಲ ಗಾಳಿ ತಂದು ಸುರಿದ ಮರಳು, ಸುಮಾರು 50,000 ಚದರ ಕಿಲೋಮೀಟರ್, ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ ಜಾಗ, ಕೆಲವು ದಿಬ್ಬ 120 ಮೀಟರ್ ಎತ್ತರ. ನಾನು ಮೈಸೂರು ಕಡೆಯವನು, ಚಿಕ್ಕಂದಿನಲ್ಲಿ ತಲಕಾಡಿನ ಮರಳಲ್ಲಿ ಕಾಲು ಹುದುಗಿಸ್ಕೊಂಡು ಓಡಾಡಿದವನು. ಅಲ್ಲೂ ಕಾವೇರಿ ಮರಳನ್ನ ಗಾಳಿನೇ ಗುಡ್ಡೆ ಹಾಕಿದ್ದು, ಆದ್ರೆ ಅದು ಹೊಳೆ ಪಕ್ಕದ ಒಂದು ತುಂಡು ಜಾಗ, ಇಲ್ಲಿ ಗಂಟೆಗಟ್ಟಲೆ ಕಾರು ಓಡಿಸಿದ್ರೂ ದಿಬ್ಬ ಮುಗಿಯಲ್ಲ.

ಈ ಮಣ್ಣಿಗೆ ಮಣ್ಣಿನ ಸರ್ವೆಯವರು ಇಟ್ಟಿರೋ ಹೆಸರು ವ್ಯಾಲೆಂಟೈನ್, ಅಲ್ಲೇ ಇರೋ ಒಂದು ಊರಿನ ಹೆಸರು ಅದು. ಇದನ್ನ ಗುರುತಿಸೋಕೆ ಲ್ಯಾಬ್ ಬೇಡ, ಒಂದು ಸನಿಕೆ, ಒಂದು ಬಾಟಲ್ ನೀರು, ಮುಚ್ಚಳ ಇರೋ ಗಾಜಿನ ಜಾಡಿ, ಎರಡೂ ಕಡೆ ಕತ್ತರಿಸಿದ ಒಂದು ದೊಡ್ಡ ತಗಡಿನ ಡಬ್ಬ, ಇಷ್ಟು ಸಾಕು. ಜಾಗ ಹೆಚ್ಚುಕಮ್ಮಿ ಎಲ್ಲಾ ದನ ಸಾಕೋರ ರ‍್ಯಾಂಚು, ಹಾಗಾಗಿ ಮೊದಲು ಮಾಲೀಕರ ಹತ್ರ ಕೇಳಿ, ಕೇಳದೆ ಅಗೆಯೋಕೆ ಹೋಗ್ಬೇಡಿ.

ಅಗೆಯೋ ಜಾಗ ಆರಿಸೋದ್ರಲ್ಲೇ ಅರ್ಧ ಕೆಲಸ ಇದೆ. ದಿಬ್ಬದ ನೆತ್ತಿ ಬೇಡ, ವಾಯವ್ಯಕ್ಕೆ ಮುಖ ಮಾಡಿರೋ ಇಳಿಜಾರಂತೂ ಬೇಡವೇ ಬೇಡ, ಚಳಿಗಾಲದ ಜೋರು ಗಾಳಿ ಬಡಿಯೋದು ಆ ಕಡೆಯಿಂದನೇ. ಗಾಳಿಗೆ ಮರೆ ಇರೋ ಕಡೆ, ಇಳಿಜಾರಿನ ಮಧ್ಯಕ್ಕೋ ಕೆಳಕ್ಕೋ ಬನ್ನಿ. ನಾನು ಮೊದಲನೇ ಸಲ ನೆತ್ತಿ ಹತ್ರನೇ ಅಗೆದೆ, ವ್ಯೂ ಚೆನ್ನಾಗಿತ್ತು ಅಂತ, ನೋಡಿ ಮುಗಿದ ಮೇಲೆ ಮರಳು ಎಳೆದು ಮುಚ್ಚಿದೆ, ಆದ್ರೆ ಹುಲ್ಲಿನ ಹೆಂಟೆಗಳನ್ನ ಬಿಡಿ ಬಿಡಿಯಾಗಿ ಎಲ್ಲೆಲ್ಲೋ ಎಸೆದಿದ್ದೆ. ಮುಂದಿನ ವಸಂತಕ್ಕೆ ಹೋಗಿ ನೋಡಿದ್ರೆ ಎರಡು ಅಡಿ ಗುಂಡಿ ಇದ್ದಿದ್ದು ಒಂದು ಮಂಚದಷ್ಟು ಅಗಲ ಆಗಿತ್ತು, ಅಂಚಲ್ಲಿ ಹುಲ್ಲಿನ ಬೇರು ಗಾಳಿಯಲ್ಲಿ ನೇತಾಡ್ತಿತ್ತು. ಅದನ್ನ ನೋಡಿದ ಮೇಲೇನೇ ಈ ಮಣ್ಣು ಏನು ಅಂತ ನಂಗೆ ಅರ್ಥ ಆಗಿದ್ದು. ರ‍್ಯಾಂಚಿನವರ ಜೊತೆ ಸೇರ್ಕೊಂಡು ಹಳೇ ಹುಲ್ಲು ಹಾಸಿ, ಸುತ್ತ ಬೇಲಿ ಕಟ್ಟಿ ಬಂದ್ವಿ.

ಹಾಗಾಗಿ ಮೊದಲು ಹುಲ್ಲಿನ ಹೆಂಟೆಯನ್ನ ಬೇರು ಸಮೇತ ಒಂದೇ ತುಂಡಾಗಿ ಎತ್ತಿ, ನೆರಳಲ್ಲಿ ಟಾರ್ಪಾಲಿನ ಮೇಲಿಟ್ಟು ಒದ್ದೆ ಬಟ್ಟೆ ಮುಚ್ಚಿಡಿ. ಅಗೆದ ಮರಳನ್ನೂ ಟಾರ್ಪಾಲಿನ ಮೇಲೇ ಹಾಕಿ, ಮೇಲಿನದು ಒಂದು ಗುಡ್ಡೆ ಕೆಳಗಿನದು ಇನ್ನೊಂದು. ಮೊಣಕಾಲಿಗಿಂತ ಆಳ ಹೋಗ್ಬೇಡಿ, ಒಣ ಮರಳಿನ ಗೋಡೆ ಹೇಳದೆ ಕೇಳದೆ ಕುಸಿಯುತ್ತೆ, ಮಕ್ಕಳನ್ನಂತೂ ಗುಂಡಿಗೆ ಇಳಿಸಲೇಬೇಡಿ. ಇನ್ನೂ ಆಳ ನೋಡ್ಬೇಕು ಅಂದ್ರೆ ಕೈ ಆಗರ್ (ತಿರುಗಿಸಿ ಮಣ್ಣು ಕೊರೆದು ತೆಗೆಯೋ ಸಲಕರಣೆ) ಬಳಸಿ, ಆದ್ರೆ ಒಣ ಮರಳು ಆಗರಲ್ಲಿ ನಿಲ್ಲಲ್ಲ, ಜಾರಿ ಬೀಳುತ್ತೆ, ಮೊದಲು ಒಂದು ಲೋಟ ನೀರು ಹುಯ್ದು ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ.

ಈಗ ಗುಂಡಿಯ ಗೋಡೆ ನೋಡಿ. ಮೇಲೆ ಬೂದು ಮಿಶ್ರಿತ ಕಂದು ಬಣ್ಣದ ಪದರ, ಬರೀ ನಾಲ್ಕೈದು ಇಂಚು, ಅದರ ಕೆಳಗೆ ಅಷ್ಟೇ ದಪ್ಪದ ಅರೆಬರೆ ಬಣ್ಣ, ಅಲ್ಲಿಂದ ಕೆಳಗೆ ಎಷ್ಟು ಅಗೆದ್ರೂ ಅದೇ ತಿಳಿ ಕಂದು ಮರಳು. ನಮ್ಮೂರ ಕೆಂಪು ಮಣ್ಣಲ್ಲಿ ಕೆಳಗೆ ಹೋದ ಹಾಗೆ ಜೇಡಿ ಜಾಸ್ತಿ ಆಗಿ ಸನಿಕೆಗೆ ಅಂಟುತ್ತಲ್ಲ, ಆ ಥರ ಏನೂ ಇಲ್ಲ, ಯಾಕಂದ್ರೆ ಇದು ಎಳೇ ಮಣ್ಣು. ಸುಮಾರು 800ರಿಂದ 1000 ವರ್ಷದ ಹಿಂದೆ ದೊಡ್ಡ ಬರ ಬಂದು ಹುಲ್ಲು ಸತ್ತು, ಇಲ್ಲಿನ ಎಷ್ಟೋ ದಿಬ್ಬಗಳು ಮತ್ತೆ ನಡೆಯೋಕೆ ಶುರು ಮಾಡಿದ್ವು, ಆಮೇಲೆ ಹುಲ್ಲು ಬಂದು ಹಿಡಿದು ನಿಲ್ಲಿಸಿದ ಮೇಲೆ ಆಗಿರೋದೇ ಈ ನಾಲ್ಕೈದು ಇಂಚಿನ ಮೇಲ್ಪದರ. ಅದೃಷ್ಟ ಇದ್ರೆ ಕೆಳಗಿನ ತಿಳಿ ಮರಳಿನ ನಡುವೆ ಇನ್ನೊಂದು ಕಪ್ಪು ಗೆರೆ ಸಿಗುತ್ತೆ, ಅದು ಹಿಂದೆ ಯಾವಾಗಲೋ ಹುಲ್ಲು ಬೆಳೆದಿದ್ದ ನೆಲ, ಮೇಲೆ ಮರಳು ಬಿದ್ದು ಹೂತು ಹೋಗಿರೋದು.

ಕೆಳಗಿನ ಮರಳು ಒಂದು ಹಿಡಿ ತಗೊಂಡು ಬೆರಳಲ್ಲಿ ಉಜ್ಜಿ. ಚಿರೋಟಿ ರವೆ ಮುಟ್ಟಿದ ಹಾಗೆ ಇರುತ್ತೆ, ಕಾಳು ಹೆಚ್ಚುಕಮ್ಮಿ ಒಂದೇ ಸೈಜು, ಜಾಸ್ತಿ ಪಾಲು 0.1ರಿಂದ 0.25 ಮಿಲಿಮೀಟರ್ ಒಳಗೆ. ಹೊಳೆ ಮರಳಲ್ಲಿ ಕಾಣೋ ಹರಳುಕಲ್ಲು ಇದರಲ್ಲಿ ಇರಲ್ಲ. ಗಾಳಿ ಮೊರದಲ್ಲಿ ಕೇರಿದ ಹಾಗೆ ಮಾಡುತ್ತೆ, ಕಲ್ಲು ಎತ್ತೋಕಾಗದೆ ಅಲ್ಲೇ ಬಿಡುತ್ತೆ, ಸಣ್ಣ ಧೂಳನ್ನ ದೂರ ಒಯ್ಯುತ್ತೆ, ನಡುವಿನ ಕಾಳು ಇಲ್ಲಿ ಬೀಳುತ್ತೆ. ಸ್ಯಾಂಡ್‌ಹಿಲ್ಸ್‌ನ ಪೂರ್ವಕ್ಕೂ ದಕ್ಷಿಣಕ್ಕೂ ಗಾಳಿ ತಂದ ಧೂಳಿನ ಮಣ್ಣೇ ದಪ್ಪಗೆ ಕೂತಿದೆ, ಅದನ್ನ ಲೋಯೆಸ್ ಅಂತಾರೆ.

ಅದೇ ಹಿಡಿಗೆ ಸ್ವಲ್ಪ ನೀರು ಹಾಕಿ ಉಂಡೆ ಕಟ್ಟಿ. ಕಟ್ಟುತ್ತೆ, ಆದ್ರೆ ಹೆಬ್ಬೆರಳಲ್ಲಿ ಒಂದು ಸಲ ಒತ್ತಿದ್ರೆ ಉದುರಿ ಹೋಗುತ್ತೆ, ಜೇಡಿ ಮಣ್ಣನ್ನ ಬೆರಳಲ್ಲಿ ಒತ್ತಿ ತಳ್ಳಿದ್ರೆ ಬರೋ ಉದ್ದ ಪಟ್ಟಿ ಇದರಲ್ಲಿ ಬರಲ್ಲ. ಆಮೇಲೆ ಜಾಡಿಗೆ ಅರ್ಧ ಮರಳು, ನೀರು, ಎರಡು ಹನಿ ಪಾತ್ರೆ ಸೋಪು ಹಾಕಿ ಚೆನ್ನಾಗಿ ಕುಲುಕಿ ಇಡಿ, ಒಂದೇ ನಿಮಿಷಕ್ಕೆ ಹೆಚ್ಚುಕಮ್ಮಿ ಎಲ್ಲಾ ತಳಕ್ಕೆ ಕೂರುತ್ತೆ, ಮೇಲೆ ಸ್ವಲ್ಪ ಕದಡು ಅಷ್ಟೇ. ವಿನೆಗರ್ ಹನಿ ಹಾಕಿದ್ರೆ ನೊರೆ ಬರಲ್ಲ, ಇದರಲ್ಲಿ ಸುಣ್ಣ ಇಲ್ಲ.

ನೀರು ಇಂಗೋದನ್ನ ಮಾತ್ರ ಬಿಡದೆ ನೋಡಿ, ನಂಗೆ ಇದರಲ್ಲಿ ತುಂಬಾ ಇಷ್ಟದ ಭಾಗ ಇದು. ತಗಡಿನ ಡಬ್ಬಾನ ಎರಡು ಇಂಚು ಮಣ್ಣಿಗೆ ಒತ್ತಿ ಒಳಗೆ ಒಂದು ಇಂಚು ನೀರು ಹುಯ್ದು ಫೋನಲ್ಲಿ ಟೈಮ್ ಇಡಿ. ಮೇಲ್ಮೈ ತುಂಬಾ ಒಣಗಿದ್ರೆ ಮೊದಲ ಸಲ ನೀರು ಮುತ್ತಿನ ಥರ ಮೇಲೇ ನಿಲ್ಲಬಹುದು, ಅದನ್ನ ಲೆಕ್ಕಕ್ಕೆ ತಗೋಬೇಡಿ, ಎರಡನೇ ಸಲ ಹುಯ್ಯಿರಿ. ಮೂರರಿಂದ ಹತ್ತು ನಿಮಿಷದಲ್ಲಿ ಖಾಲಿ. ಹಾಗಾಗಿ ಎಂಥ ಮಳೆ ಬಂದ್ರೂ ಇಲ್ಲಿ ದಿಬ್ಬದ ಮೇಲೆ ನೀರು ಹರಿಯೋದು ಕಡಿಮೆ, ನೆಲಕ್ಕೆ ಇಂಗಿ, ಹುಲ್ಲು ಬಳಸಿ ಮಿಕ್ಕಿದ್ದು ಕೆಳಗಿಳಿದು ಓಗಲಾಲಾ ಅನ್ನೋ ದೊಡ್ಡ ಅಂತರ್ಜಲಕ್ಕೆ ಸೇರುತ್ತೆ, ಡಿಸ್ಮಲ್ ಥರದ ನದಿಗಳು ವರ್ಷಪೂರ್ತಿ ಒಂದೇ ಸಮ ಹರಿಯೋದು ಆ ನೀರಿಂದನೇ. ಆದ್ರೆ ಗಿಡಕ್ಕೆ ಉಳಿಯೋದು ಕಮ್ಮಿ, ಒಂದು ಮೀಟರ್ ಆಳದಲ್ಲಿ ಬರೀ 5ರಿಂದ 8 ಸೆಂಟಿಮೀಟರ್ ನೀರು, ಗೊಬ್ಬರ ಹಾಕಿದ್ರೂ ನೀರಿನ ಜೊತೆ ಇಳಿದು ಹೋಗುತ್ತೆ. ದಿಬ್ಬಗಳ ನಡುವಿನ ತಗ್ಗಲ್ಲಿ ಮಾತ್ರ ಕಥೆ ಬೇರೆ, ಕೆಲವು ಕಡೆ ಅಂತರ್ಜಲ ಮೇಲೇ ಬಂದು ಕೆರೆ ಆಗಿದೆ, ಅಲ್ಲಿನ ಮಣ್ಣು ಕಪ್ಪಗೆ ಒದ್ದೆಯಾಗಿರುತ್ತೆ, ಅದನ್ನ ವ್ಯಾಲೆಂಟೈನ್ ಅಂತ ಬರ್ಕೋಬೇಡಿ.

1904ರಲ್ಲಿ ಕಿಂಕೇಡ್ ಕಾಯ್ದೆ ಬಂದು ಇಲ್ಲಿ ನೆಲೆಸೋಕೆ ಬಂದ ಒಬ್ಬೊಬ್ಬರಿಗೆ 640 ಎಕರೆವರೆಗೆ ಸರ್ಕಾರಿ ಜಮೀನು ಕೊಟ್ರು, ಬಂದವರಲ್ಲಿ ಎಷ್ಟೋ ಜನ ಈ ದಿಬ್ಬಕ್ಕೆ ನೇಗಿಲು ಹಾಕಿ, ಮರಳು ಎದ್ದು ಬೆಳೆ ಕೈಗೆ ಹತ್ತದೆ ಬಿಟ್ಟು ಹೋದ್ರು. ನಿಮ್ಮ ಗುಂಡಿಯಲ್ಲಿ ಕಾಣೋ ಬೇರಿನ ಜಾಲ ನೋಡಿದ್ರೆ ಕಾರಣ ಗೊತ್ತಾಗುತ್ತೆ, ಮರಳುಕಾಳನ್ನ ಹಿಡಿದಿರೋದು ಅದೊಂದೇ.

ಎಲ್ಲಾ ನೋಡಿ ಆದ ಮೇಲೆ ಕೆಳಗಿನ ಮರಳು ಮೊದಲು, ಮೇಲಿನದು ಆಮೇಲೆ ಹಾಕಿ ಕಾಲಲ್ಲಿ ತುಳಿದು ಗಟ್ಟಿ ಮಾಡಿ, ಹೆಂಟೆಯನ್ನ ಅದರ ಜಾಗಕ್ಕೇ ಕೂರಿಸಿ, ಅಂಚಿನ ಸಂದಿಗೆಲ್ಲ ಮರಳು ತುಂಬಿ, ಉಳಿದ ನೀರೆಲ್ಲ ಅದಕ್ಕೇ ಹುಯ್ಯಿರಿ. ಕಾರನ್ನ ದಿಬ್ಬದ ಮೇಲೆ ನೇರಕ್ಕೆ ಹತ್ತಿಸ್ಬೇಡಿ, ಬಂದ ದಾರಿಯಲ್ಲೇ ವಾಪಸ್ ಹೋಗಿ. ಸಾಧ್ಯ ಆದ್ರೆ ಮುಂದಿನ ವರ್ಷ ಮೇ ತಿಂಗಳಲ್ಲಿ ಹೋಗಿ ಆ ಜಾಗದಲ್ಲಿ ಹುಲ್ಲು ಹಿಡ್ಕೊಂಡಿದೆಯಾ ನೋಡ್ಕೊಂಡು ಬನ್ನಿ.