ಘಟ್ಟ ಹತ್ತುವ ಮುಂಚೆ ಏರಿನ ಲೆಕ್ಕ ಹಾಕಿ

ಸುಬ್ರಹ್ಮಣ್ಯದ ಬಸ್ ಸ್ಟ್ಯಾಂಡಿನಲ್ಲಿ ಶನಿವಾರ ಬೆಳಿಗ್ಗೆ ಎಷ್ಟೋ ವರ್ಷ ಒಂದೇ ದೃಶ್ಯ ನೋಡಿದ್ದೇನೆ. ಬೆಂಗಳೂರಿನ ರಾತ್ರಿ ಬಸ್ಸಿಳಿದ ಹುಡುಗರ ಗುಂಪು. ಸ್ನಾನ, ದರ್ಶನ, ಇಡ್ಲಿ-ವಡೆ, ಫೋಟೊ ಎಲ್ಲ ಮುಗಿಸಿ ಕುಮಾರಪರ್ವತದ ದಾರಿ ಹಿಡಿಯುವಾಗ ಗಂಟೆ ಒಂಬತ್ತೂವರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಲೀಟರ್ ಬಾಟಲಿ. ಮಧ್ಯಾಹ್ನ ನಾನು ಇಳಿದು ಬರುವಾಗ ಅದೇ ಗುಂಪು ಇನ್ನೂ ದಾರಿ ಮಧ್ಯದ ಗಿರಿಗದ್ದೆಗೆ ಮುಟ್ಟಿರುವುದಿಲ್ಲ. ಯಾರೋ ಒಬ್ಬ ಮರದ ಬೇರಿನ ಮೇಲೆ ಕೂತು ಶೂ ಬಿಚ್ಚಿರುತ್ತಾನೆ. "ಅಣ್ಣಾ, ಇನ್ನೆಷ್ಟು ಕಿಲೋಮೀಟರ್?"

ತಪ್ಪು ಆ ಪ್ರಶ್ನೆಯಲ್ಲೇ ಇದೆ. ಘಟ್ಟದಲ್ಲಿ ಕಿಲೋಮೀಟರ್ ಕೇಳಿ ಪ್ರಯೋಜನವಿಲ್ಲ. ಎಷ್ಟು ಏರು ಅಂತ ಕೇಳಬೇಕು.

ಹಂತ 1: ತಿಂಗಳು

ಅಕ್ಟೋಬರ್ ಕೊನೆಯಿಂದ ಜನವರಿ. ಅಷ್ಟೇ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಹೊಳೆ ದಾಟುವ ಸಾಹಸ ಯಾರಿಗೂ ಬೇಡ. ಅಕ್ಟೋಬರಿನಲ್ಲಿ ಹೋಗುವವರು ಒಂದು ಮಾತು ನೆನಪಿಡಿ. ಬೆಳಿಗ್ಗೆ ಆಕಾಶ ತೊಳೆದ ಹಾಗಿರುತ್ತದೆ, ಮೂರು ಗಂಟೆಗೆ ಗುಡುಗು ಶುರು. ಬೋಳುಗುಡ್ಡದ ಏಣಿನ ಮೇಲೆ ಆ ಹೊತ್ತಿಗೆ ನಿಮ್ಮಷ್ಟು ಎತ್ತರದ ವಸ್ತು ಇನ್ನೊಂದಿರುವುದಿಲ್ಲ. ಮಧ್ಯಾಹ್ನದೊಳಗೆ ಅಲ್ಲಿಂದ ಇಳಿದಿರಬೇಕು.

ಹಂತ 2: ಅನುಮತಿ

2024ರ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಜಾತ್ರೆಯಷ್ಟು ಜನ ನುಗ್ಗಿದರು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿಯೂ ಬಂತು. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ನೀವೇ ಬುಕ್ ಮಾಡಿ. ಮೇಲೆ ತಂಗಲು ಬಿಡುತ್ತಾರಾ, ಗೇಟು ಎಷ್ಟು ಗಂಟೆಗೆ ತೆರೆಯುತ್ತಾರೆ ಅನ್ನುವುದನ್ನೂ ಆಗಲೇ ವಿಚಾರಿಸಿಕೊಳ್ಳಿ.

ಹಂತ 3: ಏರಿನ ಲೆಕ್ಕ

ಜನ ಎಡವುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಶಿಖರದ ಎತ್ತರ ನೋಡಿ ಚಾರಣ ಆರಿಸಬೇಡಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ್ದು. ಆದರೆ ತುದಿಯ ಹತ್ತಿರದವರೆಗೆ ಕಾರು ಹೋಗುತ್ತದೆ, ಆಮೇಲೆ ಮೆಟ್ಟಿಲು. ಅಜ್ಜಿಯನ್ನೂ ಕರೆದುಕೊಂಡು ಹೋಗಬಹುದು. ಕುಮಾರಪರ್ವತ ಅದಕ್ಕಿಂತ ಗಿಡ್ಡ, 1,712 ಮೀಟರ್. ಆದರೆ ನೀವು ಹೆಜ್ಜೆ ಶುರು ಮಾಡುವ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರು ನೂರೈವತ್ತು ಮೀಟರ್ ಮೇಲಿದೆ, ಅಷ್ಟೇ. ಉಳಿದದ್ದೆಲ್ಲ ನಿಮ್ಮ ಮೊಣಕಾಲಿನ ಪಾಲು. ಸಾಲದ್ದಕ್ಕೆ ದಾರಿಯಲ್ಲಿ ಸಿಗುವ ಶೇಷಪರ್ವತ ಹತ್ತಿ, ಸ್ವಲ್ಪ ಇಳಿದು, ಮತ್ತೆ ಹತ್ತಬೇಕು. ಒಟ್ಟು ಏರು 1,600 ಮೀಟರ್ ಅಂತ ಹಿಡಿಯಿರಿ.

ಕರಾವಳಿಗೆ ಅಂಟಿದ ಬೆಟ್ಟಗಳ ಗುಣವೇ ಇದು. ಪಶ್ಚಿಮದಿಂದ ನೋಡಿದರೆ ಘಟ್ಟ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಪೂರ್ವದಿಂದ ಬಂದರೆ ನೆಲವೇ ಅರ್ಧ ಹತ್ತಿಸಿಕೊಟ್ಟಿರುತ್ತದೆ. ಅದಕ್ಕೇ ಜಾಗ ಆರಿಸುವಾಗ ಮೊದಲ ಪ್ರಶ್ನೆ: ದಾರಿ ಘಟ್ಟದ ಕೆಳಗಿನಿಂದ ಶುರುವಾಗುತ್ತದಾ, ಮೇಲಿನಿಂದಲಾ? ಅದೇ ಕುಮಾರಪರ್ವತಕ್ಕೆ ಸೋಮವಾರಪೇಟೆ ಕಡೆಯಿಂದಲೂ ದಾರಿಯಿದೆ. ಆ ಊರೇ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ನಡಿಗೆಯೂ ಹೆಚ್ಚುಕಡಿಮೆ ಅರ್ಧ. ಬಂಡಾಜೆ ಅರ್ಬಿ ಜಲಪಾತವೂ ಹಾಗೆಯೇ. ಬೆಳ್ತಂಗಡಿ ಕಡೆಯಿಂದ ಹತ್ತಿದರೆ ಉಸಿರು ಬಾಯಿಗೆ ಬರುತ್ತದೆ, ಸುಂಕಸಾಲೆಯಿಂದ ಬಲ್ಲಾಳರಾಯನ ದುರ್ಗದ ಮೇಲೆ ಹಾದು ಬಂದರೆ ಗಾಳಿ ಕುಡಿಯುತ್ತಾ ನಡೆಯಬಹುದು. ಕುದುರೆಮುಖಕ್ಕೆ ಹೋಗಿ ಬರಲು ಇಪ್ಪತ್ತು ಕಿ.ಮೀ. ದಾಟುತ್ತದೆ. ಆದರೂ ನಡಿಗೆ ಶುರುವಾಗುವ ಮುಳ್ಳೋಡಿ ಘಟ್ಟದ ಮೇಲೇ ಇರುವುದರಿಂದ ದಿನದೊಳಗೆ ಮುಗಿಯುತ್ತದೆ.

ಈಗ ಗಂಟೆಯ ಲೆಕ್ಕ. ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವರು 1892ರಲ್ಲಿ ಒಂದು ಸೂತ್ರ ಕೊಟ್ಟರು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 13 ಕಿ.ಮೀ. ಅಂದರೆ ನಡಿಗೆಗೆ ಎರಡೂವರೆ ಗಂಟೆ ಚಿಲ್ಲರೆ, ಏರಿಗೆ ಎರಡು ಮುಕ್ಕಾಲು. ಹತ್ತಿರ ಹತ್ತಿರ ಐದೂಕಾಲು ಗಂಟೆ.

ಖುಷಿಪಡಬೇಡಿ. ಅವರು ನಡೆದದ್ದು ಸ್ಕಾಟ್ಲೆಂಡಿನ ಚಳಿಯಲ್ಲಿ. ನಮ್ಮ ಕೆಳಗಿನ ಕಾಡಿನಲ್ಲಿ ಗಾಳಿಯೇ ಆಡುವುದಿಲ್ಲ, ಅರ್ಧ ಗಂಟೆಗೆ ಅಂಗಿ ಹಿಂಡಬೇಕು. ನಾನು ಯಾವಾಗಲೂ ಬಂದ ಲೆಕ್ಕಕ್ಕೆ ಅದರ ಅರ್ಧ ಕೂಡಿಸುತ್ತೇನೆ. ಆಗ ಎಂಟು ಗಂಟೆ. ಇಳಿಯುವುದಕ್ಕೆ ಹತ್ತಿದ್ದರ ಮುಕ್ಕಾಲು ಪಾಲು, ಅಂದರೆ ಆರು. ಬೆಳಿಗ್ಗೆ ಆರಕ್ಕೆ ಹೊರಟರೂ ಕೆಳಗೆ ಬರುವಾಗ ರಾತ್ರಿ ಎಂಟು. ಡಿಸೆಂಬರಿನಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ, ಮರದಡಿ ಅದಕ್ಕೂ ಅರ್ಧ ಗಂಟೆ ಮುಂಚೆಯೇ ಕತ್ತಲು. ಲೆಕ್ಕ ಕೂಡಲಿಲ್ಲ ಅಲ್ವಾ? ಕೂಡದಿದ್ದರೆ ಆ ದಾರಿ ನಿಮ್ಮದಲ್ಲ ಅಂತ ತಿಳಿಯಿರಿ. ಗಟ್ಟಿಗರು ಇದಕ್ಕಿಂತ ಬೇಗ ಹತ್ತಿಳಿಯುತ್ತಾರೆ, ನಿಜ. ಆದರೆ ಗುಂಪಿನ ವೇಗ ಅಂದರೆ ಗುಂಪಿನ ಅತಿ ನಿಧಾನದವನ ವೇಗ.

ಹೊಸ ಜಾಗವಾದರೆ ಏರು ಎಷ್ಟು ಅಂತ ತಿಳಿಯುವುದು ಹೇಗೆ? ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹುಡುಕಿ. ಅದರಲ್ಲಿ ಬೆಟ್ಟವನ್ನು ಕಂದು ಗೆರೆಗಳಲ್ಲಿ ಬರೆದಿರುತ್ತಾರೆ. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು. ಏರುವಾಗ ಕಾಲುಹಾದಿ ದಾಟುವ ಗೆರೆ ಎಣಿಸಿ, ಇಪ್ಪತ್ತರಿಂದ ಗುಣಿಸಿ. ದೂರಕ್ಕೆ ಹೊಲಿಗೆ ದಾರ ಸಾಕು. ಹಾದಿಯ ತಿರುವಿನ ಮೇಲೆ ದಾರ ಕೂರಿಸಿ, ಆಮೇಲೆ ಸ್ಕೇಲಿನಲ್ಲಿ ಅಳೆಯಿರಿ. ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಗೆರೆಗಳು ಒತ್ತಾಗಿ ಸೇರಿಕೊಂಡ ಕಡೆ ಕೈಕಾಲು ಎರಡೂ ಬೇಕಾಗುತ್ತದೆ. ಮೊಬೈಲ್ ನಕ್ಷೆಯೂ ಆಗಬಹುದು, ಆದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಾಡು ಹೊಕ್ಕ ಮೇಲೆ ಸಿಗ್ನಲ್ ನಂಬುವ ಹಾಗಿಲ್ಲ.

ಪ್ಯಾಕೇಜ್ ಟ್ರೆಕ್ಕಿಂಗಿನವರು ಜಾಹೀರಾತಿನಲ್ಲಿ 'ಸುಲಭದಿಂದ ಮಧ್ಯಮ' ಅಂತ ಬರೆಯುತ್ತಾರಲ್ಲ, ಅದನ್ನು ಓದಲೇಬೇಡಿ. ಎಲ್ಲಾ ಬೆಟ್ಟಕ್ಕೂ ಅದನ್ನೇ ಬರೆಯುತ್ತಾರೆ.

ಲೆಕ್ಕ ಮುಗಿದ ಮೇಲೆ ವಾಪಸ್ ತಿರುಗುವ ಹೊತ್ತನ್ನು ಮೊದಲೇ ಗೊತ್ತುಮಾಡಿ. ಕತ್ತಲಾಗುವ ಹೊತ್ತಿನಿಂದ ಇಳಿಯುವ ಗಂಟೆ ಕಳೆಯಿರಿ, ಇನ್ನೂ ಒಂದು ಗಂಟೆ ಕಳೆಯಿರಿ. ಆ ಹೊತ್ತಾದಾಗ ತುದಿ ಕಣ್ಣೆದುರೇ ಇದ್ದರೂ ತಿರುಗಬೇಕು. ಈ ಮಾತು ಬಸ್ ಹತ್ತುವ ಮುಂಚೆಯೇ ಆಗಿರಲಿ. ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ.

ಮೊದಲ ಸಲದವರಿಗೆ ನನ್ನ ಮಾತು ಒಂದೇ, ಕೊಡಚಾದ್ರಿ. 1,343 ಮೀಟರ್. ಜೀಪಿನಲ್ಲಿ ಹತ್ತಿ, ಸರ್ವಜ್ಞ ಪೀಠ ನೋಡಿ, ನಡೆದು ಇಳಿಯಿರಿ. ಜೀಪು ಹತ್ತಿದ್ದಕ್ಕೆ ನಗುವವರು ನಗಲಿ.

ಹಂತ 4: ಕಡಲದಾರಿ ಆದರೆ

ಬೆಟ್ಟ ಬೇಡ, ಗೋಕರ್ಣದ ಬೀಚುಗಳೇ ಸಾಕು ಅನ್ನುವವರಿಗೆ ಏರಿನ ಬದಲು ಉಬ್ಬರ ಇಳಿತದ ಲೆಕ್ಕ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಬಂಡೆ ಹಾಯ್ದು ಹೋಗುವ ದಾರಿ. ದಿನಕ್ಕೆ ಎರಡು ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ. ಇಳಿತದಲ್ಲಿ ಹೊರಡಿ. ಸಂಶಯವಿದ್ದರೆ ಮೀನುಗಾರರನ್ನು ಕೇಳಿ, ಹೋಟೆಲಿನವರನ್ನಲ್ಲ.

ಹಂತ 5: ಚೀಲ

ನೀರು ತಲೆಗೆ ಮೂರು ಲೀಟರ್. ಕುಮಾರಪರ್ವತದ ದಾರಿಯ ಕಲ್ಲುಮಂಟಪದ ಹತ್ತಿರ ತೊರೆ ಇದೆ ಅಂತ ಹೇಳುವವರಿದ್ದಾರೆ, ಅದನ್ನು ನೆಚ್ಚಿಕೊಳ್ಳಬೇಡಿ. ನಿಂಬೆಹಣ್ಣು, ಉಪ್ಪು, ಸಕ್ಕರೆ. ಬಣ್ಣಬಣ್ಣದ ಎನರ್ಜಿ ಡ್ರಿಂಕ್ ಸುಮ್ನೆ ಭಾರ. ತಲೆಗೆ ಕಟ್ಟುವ ಟಾರ್ಚು. ಹೊಸ ಶೂ ಖಂಡಿತ ಬೇಡ, ತಿಂಗಳಾದರೂ ಹಾಕಿ ಪಳಗಿಸಿದ್ದು ಇರಲಿ. ರಸ್ತೆಬದಿ ಮಾರುವ ತೆಳು ಪ್ಲಾಸ್ಟಿಕ್ ರೇನ್‌ಕೋಟು ಮೊದಲ ಮುಳ್ಳಿಗೇ ಹರಿಯುತ್ತದೆ. ನನಗೆ ಮಡಚುವ ಕೊಡೆಯೇ ಇಷ್ಟ, ಗುಡುಗಿದರೆ ಮಾತ್ರ ಮಡಚಿ ಒಳಗಿಡುತ್ತೇನೆ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಅಂಗಡಿಯ ಸ್ಪ್ರೇ ಬೇಡ. ಎಲೆಯಡಿಕೆಯ ಸುಣ್ಣದ ಡಬ್ಬಿ ಜೇಬಿನಲ್ಲಿರಲಿ, ಅಥವಾ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿ. ಕಚ್ಚಿದ್ದಕ್ಕೆ ಒಮ್ಮೆ ಮುಟ್ಟಿಸಿದರೆ ಉದುರುತ್ತದೆ. ಕೆಳಗೆ ಬಂದ ಮೇಲೆ ಕಾಲುಚೀಲ ಮಗುಚಿ ಹಾಕಿ ನೋಡಿ, ಮೊಣಕಾಲಿನ ಹಿಂದೆಯೂ ನೋಡಿ. ಹೊಟ್ಟೆ ತುಂಬಿದ ಉಂಬಳ ಬಸ್ಸಿನಲ್ಲಿ ತಾನಾಗಿ ಉದುರುತ್ತದೆ, ರಕ್ತ ಸೀಟಿಗೆ ಹತ್ತುತ್ತದೆ, ಆಮೇಲೆ ಕಂಡಕ್ಟರ್ ಬೈಗುಳ ಮನೆ ತಲುಪುವವರೆಗೂ ಕೇಳಬೇಕು.