ಸಿನಾಪ್ಸಿಸ್ ಬರೆಯೋಕೆ ಮುಂಚೆ ಒಂದ್ಸಲ ಊರಿಗೆ ಹೋಗಿ ಬನ್ನಿ: ನನ್ನ ಅನುಭವ

"ತುಮಕೂರು ಜಿಲ್ಲೆಯ ಕೆರೆಗಳು: ಒಂದು ಸಾಂಸ್ಕೃತಿಕ ಅಧ್ಯಯನ". ಪಿಎಚ್.ಡಿ. ಮಾಡೋರಿಗೆ ಅಂತ ನಾವು ನಡೆಸೋ ವರ್ಕ್‌ಶಾಪಿಗೆ ಬಂದಿದ್ದ ಒಬ್ಬ ಹುಡುಗಿ ತಂದಿದ್ದ ಸಿನಾಪ್ಸಿಸ್, ಅಂದ್ರೆ ಏನು ಸಂಶೋಧನೆ ಮಾಡ್ತೀನಿ ಅಂತ ಮೊದಲೇ ಬರೆದುಕೊಡೋ ಯೋಜನೆ, ಅದರ ಟೈಟಲ್ ಇದು. ಈ "ಒಂದು ಅಧ್ಯಯನ" ಅನ್ನೋದು ಪಿಎಚ್.ಡಿ. ಥೀಸಿಸ್‌ಗಳನ್ನ ಇಡೋ ಶೋಧಗಂಗಾ ವೆಬ್‌ಸೈಟಲ್ಲಿ ಹುಡುಕಿದ್ರೆ ಸಾಲುಸಾಲಾಗಿ ಸಿಗತ್ತೆ. ಹದಿನೆಂಟು ಪುಟ ಬರೆದಿದ್ಲು, ಉದ್ದೇಶಗಳು ಎಂಟು, ಪ್ರಾಕ್ಕಲ್ಪನೆ (ಹೈಪಾಥಿಸಿಸ್) ಐದು, ಎಲ್ಲಾ ನೀಟಾಗಿತ್ತು, ಆದ್ರೆ ನಿನಗೆ ಏನು ತಿಳ್ಕೋಬೇಕಮ್ಮಾ ಅಂತ ಕೇಳಿದ್ರೆ "ಕೆರೆಗಳ ಬಗ್ಗೆ ಮೇಡಂ" ಅಂದು ಸುಮ್ಮನಾದ್ಲು.

ಇದು ಅವಳ ತಪ್ಪಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪಿಎಚ್.ಡಿ.ಯ ಕೋರ್ಸ್ ವರ್ಕ್ 12 ಕ್ರೆಡಿಟ್ಟಾದ್ರೂ ಇರ್ಬೇಕು, ಅದರಲ್ಲಿ ರಿಸರ್ಚ್ ಮೆಥಡಾಲಜಿ ಪಾಠ ಮಾಡ್ತೀವಿ, ಸ್ಯಾಂಪ್ಲಿಂಗ್ ಅಂದ್ರೇನು ಅಂತ ಪರೀಕ್ಷೆನೂ ಬರೆಸ್ತೀವಿ, ಆದ್ರೆ ಒಂದು ವಿಷಯದೊಳಗಿಂದ ಪ್ರಶ್ನೆ ಹೆಂಗೆ ಹೊರಗೆ ತೆಗೀಬೇಕು ಅಂತ ಪಕ್ಕದಲ್ಲಿ ಕೂತು ತೋರಿಸೋರು ಕಮ್ಮಿ. ನಾನೂ ವರ್ಕ್‌ಶಾಪಿನ ಮೊದಲನೇ ವರ್ಷ ದೊಡ್ಡ ಪ್ರೊಫೆಸರ್‌ಗಳನ್ನ ಕರೆಸಿ ಎರಡು ದಿನ ಭಾಷಣ ಮಾಡಿಸಿದೆ, ಮಕ್ಕಳು ನೋಟ್ಸ್ ಬರ್ಕೊಂಡು ಹೋದ್ರು, ಸಿನಾಪ್ಸಿಸ್ ಮಾತ್ರ ಹೆಂಗಿತ್ತೋ ಹಂಗೇ ಇತ್ತು.

ಆಮೇಲೆ ಬದಲಾಯಿಸ್ದೆ. ಅಮೆರಿಕದ ಸೋಶಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್‌ನೋರು ಪ್ರಪೋಸಲ್ ಹಂತದಲ್ಲಿರೋ ವಿದ್ಯಾರ್ಥಿಗಳಿಗೇ ಅಂತ ಒಂದು ಫೆಲೋಶಿಪ್ ನಡೆಸ್ತಿದ್ರು, ಬೇಸಿಗೆಗೆ ಮುಂಚೆ ಒಂದು ವರ್ಕ್‌ಶಾಪು, ಬೇಸಿಗೆಯಲ್ಲಿ ಕ್ಷೇತ್ರ ನೋಡ್ಕೊಂಡು ಬರೋದು, ವಾಪಸ್ ಬಂದ್ಮೇಲೆ ಇನ್ನೊಂದು ವರ್ಕ್‌ಶಾಪು. ನನಗೆ ಹಿಡಿಸಿದ್ದು ಆ ನಡುವಿನ ಬಿಡುವು. ನಾವೂ ಹನ್ನೆರಡೇ ಜನ ಇಟ್ಕೊಂಡ್ವಿ, ಇತಿಹಾಸ, ಕನ್ನಡ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಎಲ್ಲಾ ಬೆರೆಸಿ, ಎರಡು ದಿನ ಕೂರೋದು, ಆರು ವಾರ ಬಿಡೋದು, ಮತ್ತೆ ಎರಡು ದಿನ.

ಕೂತಾಗ ಇರೋ ನಿಯಮ ಒಂದೇ. ಬರೆದೋರು ಮಾತಾಡಂಗಿಲ್ಲ. ಬೇರೆ ವಿಭಾಗದ ಇಬ್ಬರು ಅವರ ಮೊದಲ ಎರಡು ಪುಟ ಓದಿ ತಮಗೆ ಏನರ್ಥ ಆಯ್ತು ಅಂತ ಹತ್ತು ನಿಮಿಷ ಹೇಳ್ಬೇಕು. ಅರ್ಥಶಾಸ್ತ್ರದ ಹುಡುಗ ಕೆರೆ ಸಿನಾಪ್ಸಿಸ್ ಓದಿ "ಕೆರೆಗೆ ಪೂಜೆ ಮಾಡ್ತಾರೆ, ಅದನ್ನ ಬರೀತಾರೆ ಅನ್ಸತ್ತೆ" ಅಂದ, ಅವಳಿಗೆ ಹೇಳ್ಬೇಕು ಅಂತ ತುಟಿವರೆಗೂ ಬಂದಿತ್ತು, ಆದ್ರೂ ತಡ್ಕೊಂಡು ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು, "ಪೂಜೆ ಅಲ್ಲ, ನೀರು ಯಾರು ಬಿಡ್ತಾರೆ?" ನಾನು ಆ ಸಾಲಿಗೆ ಪೆನ್ಸಿಲ್ಲಲ್ಲಿ ಸುತ್ತು ಹಾಕ್ದೆ. ಇದೊಂದನ್ನೇ ಹಿಡ್ಕೊಂಡು ಎರಡೇ ಊರಿಗೆ ಹೋಗ್ಬಾ, ಪ್ರಶ್ನಾವಳಿ ಬೇಡ, ಸುಮ್ನೆ ಕೇಳ್ಕೊಂಡು ಬಾ ಅಂದೆ. ಜೊತೆಗೆ ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ, ಅಂದ್ರೆ 1904ರ ತುಮಕೂರು ಸಂಪುಟ, ಅದರಲ್ಲಿ ಕೆರೆ ಬಗ್ಗೆ ಇರೋ ಶಾಸನಗಳನ್ನ ಓದ್ಕೊಂಡು ಹೋಗು ಅಂತಲೂ ಹೇಳ್ದೆ.

ಆರು ವಾರ ಆದ್ಮೇಲೆ ಬಂದು ಹೇಳಿದ್ದು ಇದು. ಊರೊಳಗೆ ಹೋಗಿ ನೀರುಗಂಟಿ, ಅಂದ್ರೆ ನೀರು ಬಿಡೋರು, ಯಾರು ಅಂತ ಕೇಳಿದ್ಲಂತೆ, ಜನ ಸೀದಾ ಪಂಚಾಯ್ತಿ ಟ್ಯಾಂಕ್ ಹತ್ರ ಕರ್ಕೊಂಡೋಗಿ ವಾಲ್ವ್ ತಿರುಗಿಸ್ತಿದ್ದೋರನ್ನ ತೋರಿಸಿದ್ರಂತೆ, ಬೋರ್‌ವೆಲ್ ಮೋಟ್ರು ಆನ್ ಮಾಡಿ ನಲ್ಲಿಗೆ ನೀರು ಬಿಡೋರು. ಕೆರೆ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಾಯಿಸಿ, ಸುಗ್ಗಿಲಿ ಕಣದಲ್ಲಿ ತಮ್ಮ ಪಾಲಿನ ಕಾಳು ತಗೊಳ್ತಿದ್ದ ಹಳೇ ನೀರುಗಂಟಿ ಮನೆತನದ ತಾತ ಒಬ್ರು ಅದೇ ಬೀದಿಲೇ ಇದ್ರು, ತೂಬು ಎತ್ತಿ ಎಷ್ಟು ವರ್ಷ ಆಯ್ತೋ ಅವರಿಗೇ ಲೆಕ್ಕ ಇರ್ಲಿಲ್ಲ. ಹೆಸರು ಒಂದೇ, ಕೆಲಸ ಬೇರೆ, ಒಬ್ರಿಗೆ ಕಣದ ಕಾಳು, ಇನ್ನೊಬ್ರಿಗೆ ಪಂಚಾಯ್ತಿ ಸಂಬಳ. ಇದನ್ನ ಅವಳು ಹೇಳ್ತಿರೋವಾಗ ಹಾಲ್‌ನಲ್ಲಿ ಯಾರೂ ಫೋನ್ ನೋಡ್ಲಿಲ್ಲ. ಅರ್ಥಶಾಸ್ತ್ರದ ಅದೇ ಹುಡುಗ, ಹಂಗಾದ್ರೆ ಕೊಳವೆಬಾವಿ ಬಂದ್ಮೇಲೆ ನೀರಿನ ನ್ಯಾಯ ತೀರಿಸೋ ಅಧಿಕಾರ ಯಾರ ಕೈಗೆ ಹೋಯ್ತು ಅಂತ ಕೇಳ್ದ. ಅವಳ ಥೀಸಿಸ್ ಪ್ರಶ್ನೆ ಅದೇ ಆಯ್ತು.

ಎರಡನೇ ವರ್ಕ್‌ಶಾಪಲ್ಲಿ ಖರ್ಚಿನ ಲೆಕ್ಕನೂ ಕೂತು ಮಾಡ್ತೀವಿ, ಇದನ್ನ ಯಾರೂ ಕಡೆಗಣಿಸ್ಬೇಡಿ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಇದ್ದೋರಿಗೆ ತಿಂಗಳಿಗೆ 37,000 ರೂಪಾಯಿ ಬರತ್ತೆ, ಇಲ್ಲದೋರು ಗೆಸ್ಟ್ ಲೆಕ್ಚರರ್ ಆಗಿ ದುಡೀತಾ ರಜೆ ದಿನ ಕ್ಷೇತ್ರಕಾರ್ಯ ಮಾಡೋರು, ಅಂಥವರ ಕೈಲಿ ನಾಲ್ಕು ಜಿಲ್ಲೆ, ನಾನೂರು ಮಂದಿ ಅಂತ ಬರೆಸೋದು ಅನ್ಯಾಯ. ಇವಳೂ ಗೆಸ್ಟ್ ಲೆಕ್ಚರರ್ರೇ. ಹತ್ತು ತಾಲ್ಲೂಕು ಇದ್ದಿದ್ದನ್ನ ಒಂದು ತಾಲ್ಲೂಕಿನ ಐದು ಕೆರೆಗೆ ಇಳಿಸಿದ್ವಿ. ಅವಳ ಗೈಡ್‌ಗೆ ಮೊದಲು ಇಷ್ಟ ಆಗ್ಲಿಲ್ಲ, ವ್ಯಾಪ್ತಿ ಸಣ್ಣದಾಯ್ತು ಅಂದ್ರು, ನಾನು ಅವರನ್ನೂ ಒಂದು ಮಧ್ಯಾಹ್ನ ಕೂರಿಸ್ಕೊಂಡು ಅವಳ ಕೈಲೇ ಆ ವಾಲ್ವ್ ಕಥೆ ಹೇಳಿಸ್ದೆ, ಆಮೇಲೆ ಒಪ್ಕೊಂಡ್ರು. ಗೈಡನ್ನ ಹೊರಗಿಟ್ಟು ಈ ಕೆಲಸ ಮಾಡೋಕಾಗಲ್ಲ, ನಾಳೆ ಸಿನಾಪ್ಸಿಸ್ ಒಪ್ಪೋ ಕಮಿಟಿ ಮುಂದೆ ಅವಳ ಪರವಾಗಿ ನಿಲ್ಲೋರು ಅವರೇ.

ಅವಳ ಸಿನಾಪ್ಸಿಸ್ ರಿಸರ್ಚ್ ಅಡ್ವೈಸರಿ ಕಮಿಟಿಯಲ್ಲಿ ಪಾಸಾಯ್ತು. ಮೊನ್ನೆ ರಾತ್ರಿ ಫೋನ್ ಮಾಡಿದ್ಲು, ಮೂರನೇ ಊರಲ್ಲಿ ತೂಬು ಎತ್ತೋರೂ ವಾಲ್ವ್ ತಿರುಗಿಸೋರೂ ಒಬ್ರೇ ಅಂತೆ, ಅವರನ್ನ ಯಾವ ಅಧ್ಯಾಯಕ್ಕೆ ಹಾಕ್ಲಿ ಮೇಡಂ ಅಂತ. ಅವರ ಜೊತೆ ಇನ್ನೆರಡು ದಿನ ಓಡಾಡಮ್ಮಾ, ಆಮೇಲೆ ನೋಡೋಣ ಅಂದಿದೀನಿ.