ಬಿ12 ಸೂಜಿ: ಮಾಡಿಸುವ ಮುನ್ನ, ಮಾಡಿಸಿದ ನಂತರ

ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಕೈಕಾಲು ಸೋತವರು ದವಾಖಾನೆಗೆ ಹೋಗಿ, ಒಂದು ಸಲಾಯಿನ್ ಹಚ್ಚಿ, ಶಕ್ತಿ ಬರುವ ಸೂಜಿ ಮಾಡಿರೆಂದು ತಾವೇ ಕೇಳುವುದುಂಟು. ಹಾಗೆ ಮಾಡುವ ಕೆಂಪು ಔಷಧದಲ್ಲಿ ಅನೇಕ ಸಲ ಬಿ12 ವಿಟಮಿನ್ ಇರುತ್ತದೆ. ಆದರೆ ಅದು ದಣಿವಿಗೆ ಮದ್ದಲ್ಲ, ಕೊರತೆಗೆ ಮದ್ದು.

ಆದ್ದರಿಂದ ಮೊದಲು ರಕ್ತ ಪರೀಕ್ಷೆಯಾಗಬೇಕು. ಸೂಜಿ ಮಾಡಿಸಿದ ಮೇಲೆ ರಕ್ತ ಕೊಟ್ಟರೆ ಬಿ12 ಪ್ರಮಾಣ ಏರಿರುತ್ತದೆ, ನಿಜವಾದ ಸ್ಥಿತಿ ತಿಳಿಯುವುದಿಲ್ಲ. ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸುತ್ತಾರೆ. 200ರಿಂದ 300ರ ನಡುವೆ ಇದ್ದರೆ ಪಾದಗಳ ಜೋಮು, ನಾಲಿಗೆಯ ಉರಿ, ಮರೆವು ಮುಂತಾದ ಲಕ್ಷಣಗಳನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಕೊರತೆಯ ಕಾರಣವನ್ನು ಹುಡುಕುವುದು ಸೂಜಿಗಿಂತಲೂ ಮುಖ್ಯ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವೂ ಒಳ್ಳೆಯ ಊಟವೇ, ಆದರೆ ಇವುಗಳಲ್ಲಿ ಬಿ12 ಇಲ್ಲ. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ತಾವು ನೀರು ಮಜ್ಜಿಗೆಯಲ್ಲೇ ಊಟ ಮುಗಿಸುವ ಸಸ್ಯಾಹಾರಿಗಳಿಗೆ ಕೊರತೆಯಾದರೆ ಆಶ್ಚರ್ಯವಿಲ್ಲ. ಇನ್ನು ಕೆಲವರು ಸಾಕಷ್ಟು ತಿಂದರೂ ಅದು ಮೈಗೆ ಹತ್ತುವುದಿಲ್ಲ, ಏಕೆಂದರೆ ಬಿ12 ಹೀರಿಕೊಳ್ಳಲು ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನೂ ಸಣ್ಣಕರುಳಿನ ಕೊನೆಯ ಭಾಗವೂ ಸರಿಯಿರಬೇಕು. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿಗೆ ಪ್ಯಾಂಟೊಪ್ರಜೋಲ್ ನುಂಗುವವರಲ್ಲೂ ಕೊರತೆ ಕಾಣಿಸಿಕೊಳ್ಳಬಹುದಾದ್ದರಿಂದ, ಬಾಯಿಂದ ಹೆಸರು ಹೇಳುವ ಬದಲು ಗುಳಿಗೆಯ ಪಟ್ಟಿಗಳನ್ನೇ ಒಯ್ದು ತೋರಿಸಬೇಕು.

ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಪ್ರಮಾಣದ ಸೂಜಿಯನ್ನು ಸ್ನಾಯುವಿಗೆ ಮೊದಲ ಒಂದೆರಡು ವಾರ ದಿನವೂ ಅಥವಾ ದಿನ ಬಿಟ್ಟು ದಿನ, ಆಮೇಲೆ ಕೆಲವು ವಾರ ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ಕೊಡುತ್ತಾರೆ. ಔಷಧದ ಬಗೆಗೆ ತಕ್ಕಂತೆ ಈ ಕ್ರಮ ಬದಲಾಗುತ್ತದೆ. ಚೀಟಿಯಿಲ್ಲದೆ ಔಷಧ ತಂದು ಮನೆಯಲ್ಲಿ ಚುಚ್ಚಿಸಿಕೊಳ್ಳಬಾರದು. ಹಲವು ವಿಟಮಿನ್‌ಗಳನ್ನು ಕೂಡಿಸಿದ ಸೂಜಿಗಳಲ್ಲಿ ಬಿ1 ಕೂಡ ಇರುವುದುಂಟು, ಅದು ಅಪರೂಪಕ್ಕೆ ತೀವ್ರ ಅಲರ್ಜಿ ತರಬಲ್ಲದು. ಆದ್ದರಿಂದ ಸೂಜಿಯಾದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರುವುದು ಒಳ್ಳೆಯದು.

ಬಿ12 ಕೊರತೆಯಿದ್ದವರು ರಕ್ತ ಕಡಿಮೆಯಿದೆಯೆಂದು ಫೋಲಿಕ್ ಆಸಿಡ್ ಗುಳಿಗೆಯೊಂದನ್ನೇ ನುಂಗುವುದು ಅಪಾಯಕರ. ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ರಕ್ತಹೀನತೆ ತೀವ್ರವಾಗಿದ್ದವರಿಗೆ ಚಿಕಿತ್ಸೆಯ ಮೊದಲ ದಿನಗಳಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಅವರನ್ನು ವೈದ್ಯರ ಕಣ್ಣಳತೆಯಲ್ಲೇ ಇಡಬೇಕು.

ಹೊಸ ರಕ್ತಕಣಗಳು ವಾರದೊಳಗೇ ಹೆಚ್ಚತೊಡಗಿದರೂ ಪಾದದ ಜೋಮು ಇಳಿಯಲು ತಿಂಗಳುಗಳು ಬೇಕು. ತಡವಾಗಿ ಬಂದವರಲ್ಲಿ ಅದು ಪೂರ್ತಿ ಹೋಗದೆಯೂ ಇರಬಹುದು. ಊಟದಿಂದಾದ ಕೊರತೆಗೆ ಮುಂದೆ ಗುಳಿಗೆ ಸಾಕಾಗಬಹುದು. ಹೀರಿಕೊಳ್ಳುವ ದೋಷ ಶಾಶ್ವತವಾಗಿದ್ದರೆ ಚಿಕಿತ್ಸೆ ಜೀವನಪೂರ್ತಿ ನಡೆಯಬೇಕು. ಅಂಥವರು ತಿಂಗಳ ಸೂಜಿಯನ್ನು ಹುಣ್ಣಿಮೆಯ ಮರುದಿನಕ್ಕೆ ಗೊತ್ತುಮಾಡಿಕೊಂಡರೆ ತಾರೀಖು ಮರೆತರೂ ಸೂಜಿ ತಪ್ಪುವುದಿಲ್ಲ.